ಪಕ್ಕದಲ್ಲಿ ಕುಳಿತವರೊಡನೆ ಎರಡು ಮಾತು

ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಸೇರಿದ ಬ್ರಾಂಕ್ಸ್ ಎಂಬ ವಿಭಾಗದಲ್ಲಿ ವಿಶಾಲವಾದ ಒಂದು ಸಸ್ಯೋದ್ಯಾನವಿದೆ. 1933ನೆಯ ಇಸವಿಯ ಬೇಸಗೆಯಲ್ಲಿ ಹತ್ತೊಂಬತ್ತು ವರ್ಷದ ತರುಣನೊಬ್ಬ ದಿನವೂ ಅಲ್ಲಿಗೆ ಬಂದು, ಯಾವ ಬೆಂಚಿನ ಮೇಲೆ ಹೆಂಗಸೊಬ್ಬಳು ಒಂಟಿಯಾಗಿ ಕುಳಿತಿದ್ದಾಳೆಂದು ಕಣ್ಣಾಡಿಸುತ್ತಿದ್ದ. ಕಂಡೊಡನೆ ಹೋಗಿ ಅದೇ ಬೆಂಚಿನ ಮೇಲೆ ಕೂರುತ್ತಿದ್ದ. ಕುಳಿತ ಮೇಲೆ ಒಂದು ನಿಮಿಷದೊಳಗೆ ಬಾಯಿ ತೆರೆದು ಏನನ್ನಾದರೂ ಆಡಲೇಬೇಕು; ಇದು ಅವನು ತನಗೆ ತಾನೇ ವಿಧಿಸಿಕೊಂಡ ಕಟ್ಟಳೆ.

ವಾಚಕರು ಇವನನ್ನು ಬೀದಿ ಪೋಕರಿಯೆಂದು ತಿಳಿಯುವ ಮೊದಲು ಒಂದು ಮಾತು ಹೇಳಬೇಕು. ಇವನ ಕಾಯಿಲೆ ಪೋಕರಿತನವಲ್ಲ. ಅದಕ್ಕೆ ತೀರ ವಿರುದ್ಧವಾದ ಅಂಜುಬುರುಕುತನ. ಬಾಲ್ಯದಲ್ಲಿ ಮೂತ್ರಪಿಂಡದ ಬೇನೆಯಿಂದ ನರಳಿ ಬಹುಕಾಲ ಆಸ್ಪತ್ರೆಯಲ್ಲಿ ಕಳೆದ ಹುಡುಗ. ಪರಿಚಯವಿಲ್ಲದ ಹೆಂಗಸರೊಡನೆ ಮಾತೆಂದರೆ ಅವನ ನಾಲಗೆ ಒಣಗುತ್ತಿತ್ತು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅದೇ ತೋಟಕ್ಕೆ ಅವನು ಅದುವರೆಗೂ ಬರುತ್ತಿದ್ದುದುಂಟು. ಆದರೆ ದೂರದ ಬೆಂಚಿನಲ್ಲಿ ಕುಳಿತು ನೋಡುವುದು, ಆ ಕಡೆಯಿಂದ ಯಾರಾದರೂ ತಿರುಗಿ ನೋಡಿದರೆ ಏನೋ ಒಂದು ನೆಪವನ್ನು ತನಗೆ ಹೇಳಿಕೊಂಡು ಎದ್ದುಹೋಗುವುದು, ಇಷ್ಟೇ. ಹೆದರಿಕೆಯನ್ನು ಹುಟ್ಟಿಸುವ ಕೆಲಸವನ್ನೇ ಮತ್ತೆ ಮತ್ತೆ ಮಾಡಿದರೆ ಹೆದರಿಕೆ ಅಳಿಯುವುದೆಂದು ಅವನು ಪುಸ್ತಕಗಳಲ್ಲಿ ಓದಿದ್ದ. ಆ ಬೇಸಗೆಯ ಒಂದು ತಿಂಗಳನ್ನು ಅವನು ಈ ಪರೀಕ್ಷೆಗೆಂದು ಮೀಸಲಿಟ್ಟ.

ತಿಂಗಳ ಕೊನೆಗೆ ಲೆಕ್ಕ ಹೀಗಾಯಿತು. ಒಟ್ಟು 130 ಮಂದಿಯ ಪಕ್ಕದಲ್ಲಿ ಕುಳಿತದ್ದು. ಅವರಲ್ಲಿ 30 ಮಂದಿ ಒಡನೆಯೇ ಎದ್ದುಹೋದದ್ದು. ಉಳಿದ 100 ಮಂದಿಯೊಡನೆ ಹೂವು, ಹಕ್ಕಿ, ಪುಸ್ತಕ, ಕೈಯಲ್ಲಿದ್ದ ಹೆಣಿಗೆ, ಹೀಗೆ ಬಾಯಿಗೆ ಬಂದ ವಿಷಯವನ್ನು ಕುರಿತು ಮಾತನಾಡಿದ್ದು. ಮತ್ತೊಮ್ಮೆ ಭೇಟಿಯಾಗೋಣವೆಂದು ಒಪ್ಪಿದವಳು ಒಬ್ಬಳೇ ಒಬ್ಬಳು. ಅವಳೂ ಹೇಳಿದ ಹೊತ್ತಿಗೆ ಬರಲಿಲ್ಲ!

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇದು ಶುದ್ಧ ದಿವಾಳಿ. ಆದರೆ ತರುಣ ಬೇರೆಯ ಪುಟದಲ್ಲಿ ಬರೆದುಕೊಂಡ ಲಾಭವೇ ಬೇರೆ. ನೂರು ಸಲ ಬಾಯಿ ತೆರೆದರೂ ಯಾರೂ ಕಿರುಚಿಕೊಳ್ಳಲಿಲ್ಲ, ಯಾರೂ ಪೊಲೀಸರನ್ನು ಕರೆಯಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ. ತಾನು ಇಷ್ಟು ವರ್ಷ ಹೆದರಿದ್ದು ಮನುಷ್ಯರಿಗಲ್ಲ, ತನ್ನ ಮನಸ್ಸು ಕಟ್ಟಿಕೊಂಡ ಗುಮ್ಮನಿಗೆ ಎಂದು ಅವನಿಗೆ ಅರಿವಾಯಿತು. ಆ ತರುಣನ ಹೆಸರು ಆಲ್ಬರ್ಟ್ ಎಲ್ಲಿಸ್. 1955ರಲ್ಲಿ ತಮ್ಮದೇ ಆದ ಮನಶ್ಚಿಕಿತ್ಸೆಯ ಪದ್ಧತಿಯೊಂದನ್ನು ರೂಪಿಸಿ, 2007ರಲ್ಲಿ ತಮ್ಮ ತೊಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡ ಪ್ರಸಿದ್ಧ ಮನಶ್ಶಾಸ್ತ್ರಜ್ಞರು ಅವರೇ. ತೋಟದ ಬೆಂಚಿನ ಈ ಕಥೆಯನ್ನು ಅವರು ಮುಪ್ಪಿನವರೆಗೂ ನಗುನಗುತ್ತಾ ಹೇಳುತ್ತಿದ್ದರು.

ಆದರೆ ಲೆಕ್ಕ ಬರೆದವರು ಅವರು. ಒಡನೆಯೇ ಎದ್ದುಹೋದ ಆ ಮೂವತ್ತು ಮಂದಿ ಹೆಂಗಸರು ಏನೆಂದುಕೊಂಡರೆಂಬುದು ಆ ಲೆಕ್ಕದ ಪುಸ್ತಕದಲ್ಲಿಲ್ಲ. ಆ ಮೂವತ್ತು ಮಂದಿಯನ್ನು ವಾಚಕರು ನೆನಪಿಟ್ಟಿರಬೇಕು; ಅವರ ಬಳಿಗೆ ಮತ್ತೆ ಬರಬೇಕಾಗಿದೆ.

ಅಂಜಿಕೆ ಇಬ್ಬರದೂ

ಎಲ್ಲಿಸ್ ಪಟ್ಟ ಅವಸ್ಥೆ ವಿರಳವಾದುದೇನೂ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಫಿಲಿಪ್ ಜಿಂಬಾರ್ಡೊ 1970ರ ದಶಕದಲ್ಲಿ ಸಂಕೋಚದ ವಿಷಯವಾಗಿ ವಿಚಾರಣೆ ನಡೆಸಿದಾಗ, ನೂರಕ್ಕೆ ಸುಮಾರು 40 ಮಂದಿ ತಾವು ಸಂಕೋಚದ ಸ್ವಭಾವದವರೆಂದು ಒಪ್ಪಿಕೊಂಡರು. ಸಭೆಯಲ್ಲಿ, ಮದುವೆಯ ಮನೆಯಲ್ಲಿ, ಹೊಸ ಕಚೇರಿಯಲ್ಲಿ ಒಂದು ಮೂಲೆ ಹಿಡಿದು ನಿಂತವನು ಉಳಿದವರೆಲ್ಲರೂ ಲೀಲಾಜಾಲವಾಗಿ ಹರಟುತ್ತಿರುವರೆಂದು ಭಾವಿಸುತ್ತಾನೆ. ಎದುರು ಮೂಲೆಯಲ್ಲಿ ನಿಂತವನೂ ಅದನ್ನೇ ಭಾವಿಸುತ್ತಿರುತ್ತಾನೆ.

ಈ ತಪ್ಪು ಎಣಿಕೆಯನ್ನು ಅಳೆದು ತೋರಿಸಿದ ಪ್ರಯೋಗವೊಂದು 2014ರಲ್ಲಿ ಪ್ರಕಟವಾಯಿತು. ಷಿಕಾಗೋ ವಿಶ್ವವಿದ್ಯಾಲಯದ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಎಂಬ ವಿದ್ವಾಂಸರು ಹೋಮ್‌ವುಡ್ ಎಂಬ ಉಪನಗರದ ನಿಲ್ದಾಣದಿಂದ ಬೆಳಗ್ಗೆ ನಗರಕ್ಕೆ ರೈಲಿನಲ್ಲಿ ಹೋಗುವವರನ್ನು ಮೂರು ಪಂಗಡ ಮಾಡಿದರು. ಮೊದಲನೆಯವರು ಪಕ್ಕದ ಅಪರಿಚಿತರೊಡನೆ ಮಾತನಾಡಬೇಕು. ಎರಡನೆಯವರು ಯಾರೊಡನೆಯೂ ಮಾತನಾಡಕೂಡದು. ಮೂರನೆಯವರು ನಿತ್ಯದಂತೆ ಇರಬೇಕು. ಮಾತನಾಡಿದವರು ತಮ್ಮ ಪ್ರಯಾಣವೇ ಹೆಚ್ಚು ಹಿತವಾಗಿತ್ತೆಂದು ಬರೆದುಕೊಟ್ಟರು. ಅಂಥವೇ ಪ್ರಯಾಣಿಕರನ್ನು, ಪ್ರಯೋಗದಲ್ಲಿ ತೊಡಗಿಸದೆ, ‘ಹೀಗೆ ಮಾಡಿದರೆ ನಿಮಗೆ ಹೇಗನ್ನಿಸೀತು?’ ಎಂದು ಕೇಳಿದ್ದರು. ಒಟ್ಟಾರೆಯಾಗಿ ಅವರು ಮಾತನಾಡುವುದೇ ಎಲ್ಲಕ್ಕಿಂತ ಬೇಸರದ್ದೆಂದು ಹೇಳಿದ್ದರು! ಮಾತಿಗೆಳೆದರೆ ಅರ್ಧಕ್ಕಿಂತ ಹೆಚ್ಚು ಜನ ಒಲ್ಲೆವೆನ್ನುವರೆಂದೂ ಅವರ ಅಂದಾಜು. ನಿಜವಾಗಿ ಮಾತಿಗೆ ತೊಡಗಿದವರಲ್ಲಿ ಮುಖಭಂಗವಾಯಿತೆಂದು ಯಾರೂ ವರದಿ ಮಾಡಲಿಲ್ಲ. ಯಾರ ಬಳಿ ಕೂರಬೇಕೆಂಬುದನ್ನು ಅವರವರೇ ಆರಿಸಿಕೊಂಡಿದ್ದರೆಂಬುದನ್ನು ಇಲ್ಲಿ ಮರೆಯುವಂತಿಲ್ಲ. ಸಿಡುಕು ಮೋರೆಯವರ ಪಕ್ಕಕ್ಕೆ ಯಾರು ತಾನೇ ಹೋಗಿ ಕೂತಾರು?

2018ರಲ್ಲಿ ಎರಿಕಾ ಬೂತ್‌ಬಿ ಮತ್ತು ಅವರ ಸಂಗಡಿಗರು ಇದರ ಇನ್ನೊಂದು ಮುಖವನ್ನು ಕಂಡರು. ಪರಿಚಯವಿಲ್ಲದ ಇಬ್ಬರನ್ನು ಕೆಲವು ನಿಮಿಷ ಮಾತನಾಡಿಸಿ, ಬಳಿಕ ಬೇರೆ ಬೇರೆಯಾಗಿ ಕರೆದು, ‘ನಿಮಗೆ ಅವರು ಎಷ್ಟು ಹಿಡಿಸಿದರು? ಅವರಿಗೆ ನೀವು ಎಷ್ಟು ಹಿಡಿಸಿರಬಹುದು?’ ಎಂದು ಕೇಳಿದರು. ತಾನು ಎದುರಿನವರಿಗೆ ಅಷ್ಟಾಗಿ ಹಿಡಿಸಲಿಲ್ಲವೆಂದೇ ಬಹುಮಂದಿಯ ಎಣಿಕೆ. ನಿಜಸ್ಥಿತಿ ಅವರೆಣಿಸಿದ್ದಕ್ಕಿಂತ ಮೇಲಾಗಿತ್ತು. ಮನೆಗೆ ಹಿಂತಿರುಗಿ, ರಾತ್ರಿ ದಿಂಬಿಗೆ ತಲೆಯಿಟ್ಟು, ‘ಛೆ, ಹಾಗನ್ನಬಾರದಿತ್ತು’ ಎಂದು ತಾನಾಡಿದ ಮಾತನ್ನೇ ಮತ್ತೆ ಮತ್ತೆ ಮೆಲುಕು ಹಾಕುವವರಿಗೆ ಇದು ಸಮಾಧಾನ ಕೊಟ್ಟೀತು. ಅದೇ ಹೊತ್ತಿನಲ್ಲಿ ಎದುರಿನವರೂ ತಮ್ಮ ಮಾತನ್ನೇ ನೆನೆದು ಹೊರಳಾಡುತ್ತಿದ್ದಾರು.

ಇದು ಬರಿಯ ವಿನೋದದ ವಿಷಯವಲ್ಲ. ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಮನೆತನದಲ್ಲಿ ಬಂದ ಡಾಕ್ಟರ್ ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಪದವಿಯಲ್ಲಿದ್ದಾಗ, 2023ರ ಮೇ ತಿಂಗಳಿನಲ್ಲಿ, ಒಂಟಿತನವನ್ನು ಸಾರ್ವಜನಿಕ ಆರೋಗ್ಯಕ್ಕೆ ಒದಗಿದ ವಿಪತ್ತೆಂದು ಕರೆದು ಅಧಿಕೃತ ಪ್ರಕಟಣೆಯನ್ನೇ ಹೊರಡಿಸಿದರು. ಒಂಟಿತನವನ್ನು ಕಾಣಲು ಅಮೆರಿಕಕ್ಕೇ ಹೋಗಬೇಕೆಂದಿಲ್ಲ. ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ಸಾಯಂಕಾಲ ಆರು ಗಂಟೆಗೆ ಭುಜಕ್ಕೆ ಭುಜ ತಾಗಿಸಿ ನಿಂತ ಜನರನ್ನು ನೋಡಿದರೂ ಆದೀತು. ಕಣ್ಣುಗಳೆಲ್ಲ ಅಂಗೈಯಲ್ಲಿರುವ ಮೊಬೈಲಿನ ಮೇಲೆ, ಕಿವಿಗಳಲ್ಲಿ ಬಿರಡೆ.

ಮೊದಲ ಮಾತಿಗೆ ಜಾಣತನ ಬೇಕಿಲ್ಲ

ಅಪರಿಚಿತರೊಡನೆ ಮಾತಿಗೆ ತೊಡಗುವವರು ಮಾಡುವ ದೊಡ್ಡ ತಪ್ಪೆಂದರೆ ಮೊದಲ ವಾಕ್ಯಕ್ಕಾಗಿ ತಿಣುಕುವುದು. ಅದು ಚಮತ್ಕಾರವಾಗಿರಬೇಕು, ಕೇಳಿದವರು ಬೆರಗಾಗಬೇಕು ಎಂದು ಯೋಚಿಸುತ್ತ ಕುಳಿತರೆ ಅಷ್ಟರಲ್ಲಿ ಅವರಿಳಿಯುವ ನಿಲ್ದಾಣವೇ ಬಂದುಬಿಡುತ್ತದೆ. ಪೆಸಿಫಿಕ್ ಸಾಗರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ನೆಲಸಿ ಅಲ್ಲಿಯ ಜನಜೀವನವನ್ನು ಅಭ್ಯಸಿಸಿದ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞರು 1923ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ಗಂಟನ್ನು ಬಿಡಿಸಿದ್ದಾರೆ. ಹವೆಯ ವಿಚಾರ, ಕ್ಷೇಮಸಮಾಚಾರ, ಕಣ್ಣೆದುರಿಗೇ ಕಾಣುತ್ತಿರುವುದನ್ನು ಮತ್ತೆ ಹೇಳುವುದು, ಇಂಥ ಮಾತುಗಳ ಉದ್ದೇಶ ಸಂಗತಿಯನ್ನು ತಿಳಿಸುವುದಲ್ಲ; ‘ನನ್ನಿಂದ ನಿನಗೆ ಭಯವಿಲ್ಲ, ನಾವಿಬ್ಬರೂ ಕೂಡಿ ಕೂರಬಹುದು’ ಎಂಬ ನಂಟನ್ನು ಕಟ್ಟುವುದು ಎಂದು ಅವರು ವಾದಿಸಿದರು.

ಕನ್ನಡಿಗರಿಗೆ ಇದನ್ನು ಯಾವ ಮಾನವಶಾಸ್ತ್ರಜ್ಞರೂ ಕಲಿಸಬೇಕಾಗಿಲ್ಲ. ‘ಊಟ ಆಯಿತೆ?’ ಎಂದು ಬೀದಿಯಲ್ಲಿ ಕೇಳಿದವನು ಎಲೆ ಹಾಕಿಸಲು ಹೊರಟವನಲ್ಲ. ಆಗಿಲ್ಲವೆಂದು ಉತ್ತರ ಬಂದರೆ ಅವನೇ ಗಾಬರಿಯಾದಾನು. ಮೈಸೂರಿನ ಕಡೆ ‘ಕಾಫಿ ಆಯಿತೆ?’, ಧಾರವಾಡದ ಕಡೆ ‘ಆರಾಮ ಇದ್ದೀರೇನ್ರಿ?’ ಎಲ್ಲದರ ಅರ್ಥವೂ ಒಂದೇ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಮದ್ದೂರು ಬರುವ ಹೊತ್ತಿಗೆ ವಡೆಯ ಪರಿಮಳವೇ ಅರ್ಧ ಪರಿಚಯ ಮಾಡಿಸುತ್ತಿತ್ತು. ‘ಈಗಿನ ವಡೆ ಮೊದಲಿನ ಹಾಗಿಲ್ಲ’ ಎಂದು ಒಬ್ಬರು ಗೊಣಗಿದರೆ ಸಾಕು. ಎದುರಿನವರಿಗೆ ಮೊದಲಿನ ವಡೆಯ ವಿಷಯ ಹೇಳಲು ಏನಾದರೊಂದು ಇದ್ದೇ ಇರುತ್ತಿತ್ತು. ಇಬ್ಬರ ಕಣ್ಣಿಗೂ ಒಟ್ಟಿಗೆ ಬೀಳುತ್ತಿರುವ ಸಂಗತಿಯೇ ಮೊದಲ ಮಾತಿಗೆ ಲೇಸು: ತಡವಾದ ಗಾಡಿ, ಬಡಿಸುತ್ತಿರುವ ಹೋಳಿಗೆ, ಸಂಗೀತ ಕಚೇರಿಯಲ್ಲಿ ಈಗ ತಾನೇ ಮುಗಿದ ರಾಗ.

ಆದರೆ ನಮ್ಮವರು ಎಡವುವುದು ಅದರ ಮುಂದಿನ ಹೆಜ್ಜೆಯಲ್ಲಿ. ಊರು ಯಾವುದು, ಕೆಲಸ ಎಲ್ಲಿ, ಸಂಬಳವೆಷ್ಟು, ಮದುವೆಯಾಗಿ ಎಷ್ಟು ವರ್ಷ, ಮಕ್ಕಳೇಕಿಲ್ಲ, ಹೀಗೆ ಪೊಲೀಸು ಠಾಣೆಯ ವಿಚಾರಣೆಯಂತೆ ಪ್ರಶ್ನೆಗಳು ಸಾಲುಗಟ್ಟುತ್ತವೆ. ಇವುಗಳ ನಡುವೆ ಮೆಲ್ಲಗೆ ನುಸುಳುವ ಇನ್ನೊಂದು ಪ್ರಶ್ನೆಯಿದೆ: ‘ತಾವು ಯಾವ ಪೈಕಿ?’ ಹೆಸರಿನ ಹಿಂದಿನ ಅಕ್ಷರ, ಊರಿನ ಕೇರಿ, ಮನೆದೇವರು ಎಂದು ಸುತ್ತಿ ಬಳಸಿ ಕೇಳಿದರೂ ಕೇಳುತ್ತಿರುವುದು ಜಾತಿಯನ್ನೇ. ಕೇಳುವವರು ಇದನ್ನು ಆತ್ಮೀಯತೆಯೆಂದು ತಿಳಿದಿರುತ್ತಾರೆ. ಉತ್ತರ ಹೇಳಬೇಕಾದವರಲ್ಲಿ ಎಷ್ಟೋ ಮಂದಿಗೆ ಆ ಗಳಿಗೆಯಲ್ಲಿ ಬಾಗಿಲು ಮುಚ್ಚಿದ ಸದ್ದು ಕೇಳಿಸುತ್ತದೆ. ಅದುವರೆಗೆ ನಕ್ಕು ಮಾತನಾಡುತ್ತಿದ್ದವರು ಕಿಟಕಿಯತ್ತ ತಿರುಗಿ ಕೂರುವುದನ್ನು ರೈಲು ಪ್ರಯಾಣ ಮಾಡಿದವರೆಲ್ಲರೂ ಕಂಡಿರುತ್ತಾರೆ.

ಎರಡನೆಯ ಪ್ರಶ್ನೆ

ಹಾಗಾದರೆ ಪ್ರಶ್ನೆಯನ್ನೇ ಕೇಳಬಾರದೇ? ಕೇಳಬೇಕು, ಯಾವುದನ್ನೆಂಬುದೇ ಗುಟ್ಟು. ಹಾರ್ವರ್ಡಿನ ಕೆರೆನ್ ಹ್ವಾಂಗ್ ಮತ್ತು ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಪರಸ್ಪರ ಅರಿಯದ ಜನರನ್ನು ಹದಿನೈದು ನಿಮಿಷ ಸಂಭಾಷಣೆಗೆ ಹಚ್ಚಿ, ಕೆಲವರಿಗೆ ಕಡಮೆಯೆಂದರೂ ಒಂಬತ್ತು ಪ್ರಶ್ನೆ ಕೇಳಬೇಕೆಂದೂ, ಕೆಲವರಿಗೆ ನಾಲ್ಕನ್ನು ಮೀರಕೂಡದೆಂದೂ ಗುಟ್ಟಾಗಿ ತಿಳಿಸಿದ್ದರು. ಹೆಚ್ಚು ಕೇಳಿದವರೇ ಹೆಚ್ಚು ಮೆಚ್ಚುಗೆ ಪಡೆದರು. ಆದರೆ ಎಲ್ಲ ಪ್ರಶ್ನೆಗಳೂ ಸಮನಲ್ಲ. ಎದುರಿನವರು ಈಗ ತಾನೇ ಹೇಳಿದ ಮಾತಿನ ಒಡಲಿನಿಂದ ಹುಟ್ಟಿದ ಮುಂದಿನ ಪ್ರಶ್ನೆಗೆ ಇದ್ದ ಬೆಲೆ ಉಳಿದವಕ್ಕೆ ಇರಲಿಲ್ಲ. ಕೆಲವೇ ನಿಮಿಷಗಳಲ್ಲಿ ಒಬ್ಬರಾದ ಮೇಲೊಬ್ಬರನ್ನು ಭೇಟಿಮಾಡುವ ವಧೂವರಾನ್ವೇಷಣೆಯ ಕೂಟಗಳು ಆ ದೇಶದಲ್ಲಿ ನಡೆಯುತ್ತವೆ. ಅಲ್ಲಿಯೂ ಇಂಥ ಪ್ರಶ್ನೆಗಳನ್ನು ಹೆಚ್ಚಾಗಿ ಕೇಳಿದವರನ್ನೇ ಮತ್ತೊಮ್ಮೆ ಕಾಣಲು ಜನ ಹೆಚ್ಚಾಗಿ ಒಪ್ಪಿದರು.

ಕಾರಣ ಊಹಿಸಲು ಕಷ್ಟವಲ್ಲ. ಮೊದಲ ಪ್ರಶ್ನೆಯನ್ನು ಯಾರು ಬೇಕಾದರೂ ಬಾಯಿಪಾಠ ಮಾಡಿಕೊಂಡು ಬರಬಹುದು. ಎರಡನೆಯದನ್ನು ಹಾಗೆ ತರಲಾಗದು; ಉತ್ತರವನ್ನು ಕಿವಿಗೊಟ್ಟು ಕೇಳಿದವರಿಗೆ ಮಾತ್ರ ಅದು ಹೊಳೆಯುತ್ತದೆ.

ಡೇಲ್ ಕಾರ್ನೆಗಿಯವರ ಹೆಸರನ್ನು ಕೇಳದ ವಾಚಕರು ಕಡಮೆ. 1912ರಲ್ಲಿ ನ್ಯೂಯಾರ್ಕಿನ ವೈ.ಎಂ.ಸಿ.ಎ.ಯಲ್ಲಿ ಭಾಷಣ ಕಲೆಯ ಪಾಠ ಹೇಳಲಾರಂಭಿಸಿದ ಇವರು 1936ರಲ್ಲಿ ಪ್ರಕಟಿಸಿದ, ಸ್ನೇಹ ಸಂಪಾದನೆಯನ್ನು ಕುರಿತ ಪುಸ್ತಕ ಲೋಕದಲ್ಲೆಲ್ಲ ಮಾರಾಟವಾಯಿತು. ಅದರಲ್ಲಿ ಅವರು ಹೇಳಿಕೊಂಡ ಒಂದು ಪ್ರಸಂಗವಿದೆ. ಔತಣವೊಂದರಲ್ಲಿ ಪಕ್ಕಕ್ಕೆ ಸಸ್ಯಶಾಸ್ತ್ರಜ್ಞರೊಬ್ಬರು ಕುಳಿತಿದ್ದರು. ಕಾರ್ನೆಗಿಗೆ ಆ ಶಾಸ್ತ್ರದ ಗಂಧವಿರಲಿಲ್ಲ. ಗಿಡಮರಗಳ ವಿಷಯವನ್ನು ಗಂಟೆಗಟ್ಟಲೆ ಕುತೂಹಲದಿಂದ ಕೇಳಿದರು, ಅಷ್ಟೆ. ಹೊರಡುವಾಗ ಆ ವಿದ್ವಾಂಸರು ಮನೆಯ ಯಜಮಾನರೊಡನೆ ಕಾರ್ನೆಗಿಯವರನ್ನು ಬಾಯ್ತುಂಬ ಹೊಗಳಿ, ಇಂಥ ಸೊಗಸಾದ ಮಾತುಗಾರರನ್ನು ಕಾಣುವುದೇ ಅಪರೂಪವೆಂದರಂತೆ! ಕಾರ್ನೆಗಿಯವರ ಬೋಧನೆಯಲ್ಲಿ ವ್ಯಾಪಾರಿಯ ವಾಸನೆ ಅಲ್ಲಲ್ಲಿ ಹೊಡೆಯುವುದು ನಿಜ. ಗಿರಾಕಿಯನ್ನು ಒಲಿಸುವುದಕ್ಕೂ ಗೆಳೆಯನನ್ನು ಪಡೆಯುವುದಕ್ಕೂ ಅಂತರವೇ ಇಲ್ಲವೇನೋ ಎನಿಸಿಬಿಡುತ್ತದೆ. ಆದರೂ ಈ ಒಂದು ಪ್ರಸಂಗಕ್ಕಾಗಿ ಅವರನ್ನು ಮನ್ನಿಸಬಹುದು.

ಬಲೆ ಬೀಸುವವರು

ಆಕರ್ಷಿಸುವ ವಿದ್ಯೆಯನ್ನು ತಂತ್ರವಾಗಿ ಹೇಳಿಕೊಟ್ಟವರ ಪರಂಪರೆ ಬಹಳ ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಕವಿ ಓವಿಡ್ ಪ್ರಣಯಕಲೆಯನ್ನು ಕುರಿತು ಒಂದು ಕಾವ್ಯವನ್ನೇ ಬರೆದ. ರಥಗಳ ಪಂದ್ಯ ನಡೆಯುವ ಮೈದಾನದಲ್ಲಿ ಸುಂದರಿಯ ಪಕ್ಕಕ್ಕೆ ಹೋಗಿ ಕೂರು. ಬರುತ್ತಿರುವ ಕುದುರೆಗಳು ಯಾರವೆಂದು ಕೇಳು. ಅವಳು ಯಾರ ಪಕ್ಷವೋ ನೀನೂ ಆ ಪಕ್ಷವೇ ಆಗು. ಅವಳ ಮಡಿಲ ಮೇಲೆ ಧೂಳು ಬಿದ್ದರೆ ಕೊಡವು, ಬೀಳದಿದ್ದರೂ ಕೊಡವು, ಎಂದು ಅವನ ಉಪದೇಶ. ಕ್ರಿ.ಶ. 8ರಲ್ಲಿ ಚಕ್ರವರ್ತಿ ಅಗಸ್ಟಸ್ ಅವನನ್ನು ಕಪ್ಪುಸಮುದ್ರದ ತೀರಕ್ಕೆ ಗಡೀಪಾರು ಮಾಡಿದ. ತನ್ನನ್ನು ಕೆಡಿಸಿದ್ದು ಒಂದು ಕಾವ್ಯ ಮತ್ತು ಒಂದು ತಪ್ಪು ಎಂದು ಓವಿಡ್ ಹಲುಬಿದ. ಆ ತಪ್ಪು ಏನೆಂಬುದನ್ನು ವಿದ್ವಾಂಸರು ಇಂದಿಗೂ ಚರ್ಚಿಸುತ್ತಿದ್ದಾರೆ. ಕಾವ್ಯ ಯಾವುದೆಂಬುದರಲ್ಲಿ ಮಾತ್ರ ಚರ್ಚೆಯಿಲ್ಲ.

ಇಪ್ಪತ್ತೊಂದನೆಯ ಶತಮಾನದ ಓವಿಡರಿಗೆ ಕಾವ್ಯವೂ ಬೇಡವಾಯಿತು. ಎರಿಕ್ ಫಾನ್ ಮಾರ್ಕೋವಿಕ್ ಎಂಬ ಕೆನಡದ ಜಾದೂಗಾರ ‘ಮಿಸ್ಟರಿ’ ಎಂದು ಹೆಸರಿಟ್ಟುಕೊಂಡು, ಹೆಂಗಸರನ್ನು ಸೆಳೆಯುವ ವಿದ್ಯೆಯನ್ನು ಹಣ ತೆಗೆದುಕೊಂಡು ಕಲಿಸತೊಡಗಿದ. ಅವನ ಬಳಗದಲ್ಲಿ ಸೇರಿ ಕಲಿತ ನೀಲ್ ಸ್ಟ್ರಾಸ್ ಎಂಬ ಪತ್ರಕರ್ತ 2005ರಲ್ಲಿ ಬರೆದ ಪುಸ್ತಕ ದೇಶದೇಶಗಳ ತರುಣರ ಕೈಗೆ ಸಿಕ್ಕಿತು. ಬಾಯಿಪಾಠದ ಮೊದಲ ವಾಕ್ಯಗಳು, ಕಟ್ಟಿಕೊಂಡ ಕಥೆಗಳು, ಹೊರಡಲು ಅವಸರವಿದೆಯೆಂಬ ಸುಳ್ಳು. ಇವೆಲ್ಲಕ್ಕಿಂತ ಹೇಯವಾದುದು ಹೊಗಳಿಕೆಯ ವೇಷ ತೊಟ್ಟ ಕುಹಕ: ‘ಉಗುರು ಬಹಳ ಚೆನ್ನಾಗಿದೆ, ನಿಮ್ಮದೇನಾ, ಅಂಟಿಸಿಕೊಂಡದ್ದೇ?’ ಎಂಬಂಥದು. ಎದುರಿನವಳ ಆತ್ಮವಿಶ್ವಾಸವನ್ನು ಒಂದಿಷ್ಟು ಮುಕ್ಕು ಮಾಡಿದರೆ ಅವಳು ತನ್ನ ಮೆಚ್ಚುಗೆಗಾಗಿ ಕಾಯುವಳೆಂದು ಇದರ ಹಿಂದಿನ ಲೆಕ್ಕಾಚಾರ. ಮನುಷ್ಯರನ್ನು ಬೀಗವೆಂದೂ ತನ್ನನ್ನು ಕಳ್ಳಕೀಲಿಯೆಂದೂ ತಿಳಿದವರ ವಿದ್ಯೆಯಿದು. ಹತ್ತು ವರ್ಷಗಳ ಮೇಲೆ, 2015ರಲ್ಲಿ, ಅದೇ ಸ್ಟ್ರಾಸ್ ಇನ್ನೊಂದು ಪುಸ್ತಕ ಬರೆದ. ಒಲಿದವಳೊಡನೆ ಬಾಂಧವ್ಯವನ್ನು ಉಳಿಸಿಕೊಳ್ಳುವುದರಲ್ಲಿ ತಾನು ಸೋತು ಸುಣ್ಣವಾದ ಕಥೆ ಅದು.

ಈ ವಿಷಯದಲ್ಲಿ ವಾತ್ಸ್ಯಾಯನನೇ ಮೇಲು ಎಂದರೆ ಕೆಲವು ವಾಚಕರು ಹುಬ್ಬೇರಿಸಿಯಾರು. ಅವನ ಗ್ರಂಥದ ಹೆಸರನ್ನು ಕೇಳಿದವರು ಬಹಳ, ಓದಿದವರು ಕಡಮೆ. ನಾಗರಿಕರ ಗೋಷ್ಠಿಗಳಲ್ಲಿ ಪೂರ್ತಿ ಸಂಸ್ಕೃತದಲ್ಲಿಯೂ ಮಾತನಾಡಬಾರದು, ಪೂರ್ತಿ ದೇಶಭಾಷೆಯಲ್ಲಿಯೂ ಮಾತನಾಡಬಾರದು ಎಂದು ಅವನು ವಿಧಿಸುತ್ತಾನೆ. ಇಂಗ್ಲಿಷನ್ನೂ ಕನ್ನಡವನ್ನೂ ಬೆರೆಸುವ ಇಂದಿನ ಬೆಂಗಳೂರಿಗರು ಆಧಾರ ಬೇಕಾದರೆ ಇದನ್ನು ತೋರಿಸಬಹುದು! ಇರಲಿ. ನವವಧುವಿನ ವಿಶ್ವಾಸವನ್ನು ಗಳಿಸುವ ಬಗೆಯನ್ನು ಅವನು ಒಂದು ಅಧ್ಯಾಯದಲ್ಲಿ ವಿವರಿಸಿದ್ದಾನೆ. ಒಂದೇ ಮನೆಯಲ್ಲಿದ್ದರೂ ವಧೂವರರು ಪರಸ್ಪರ ಅಪರಿಚಿತರೇ ಎಂಬುದನ್ನು ಅವನು ಬಲ್ಲ. ಹೂವಿನಂಥವರಲ್ಲಿ ಬಲಾತ್ಕಾರ ಸಲ್ಲದು, ಅವಸರಪಟ್ಟರೆ ದ್ವೇಷವೇ ಫಲ, ಎನ್ನುತ್ತಾನೆ. ಮೊದಮೊದಲು ಅವಳು ಬಾಯಿಬಿಟ್ಟು ಉತ್ತರಿಸಲಾರಳು, ತಲೆಯಾಡಿಸಿಯಾಳು. ಆಗ ಇಬ್ಬರಿಗೂ ಬೇಕಾದ ಗೆಳತಿಯೊಬ್ಬಳನ್ನು ನಡುವೆ ಕೂರಿಸಿಕೊಂಡು ಮಾತು ಬೆಳೆಸಬೇಕು. ಆ ಗೆಳತಿ ವಧು ಹೇಳದೆ ಇದ್ದುದನ್ನೂ ‘ಇವಳು ಹೀಗೆನ್ನುತ್ತಾಳೆ’ ಎಂದು ಹೇಳಿ ಕಾಡುತ್ತಾಳೆ, ವಧು ತಲೆ ತಗ್ಗಿಸಿ ನಗುತ್ತಾಳೆ, ಗೆಳತಿಯನ್ನು ಗದರುತ್ತಾಳೆ, ಮೌನ ಮುರಿಯುತ್ತದೆ.

ನಮ್ಮ ಮನೆಗಳಲ್ಲಿ ಹೆಣ್ಣು ನೋಡುವ ದಿನ ಈ ಗೆಳತಿಯ ಪಾತ್ರವನ್ನು ಅತ್ತಿಗೆಯೋ ಚಿಕ್ಕಮ್ಮನೋ ವಹಿಸುವುದುಂಟು. ಉಪ್ಪಿಟ್ಟು ಕೇಸರಿಬಾತುಗಳಾದ ಮೇಲೆ, ‘ಹುಡುಗ ಹುಡುಗಿ ಏನಾದರೂ ಮಾತನಾಡಿಕೊಳ್ಳುವುದಿದ್ದರೆ ಮಾತನಾಡಿಕೊಳ್ಳಲಿ’ ಎಂದು ಹಿರಿಯರು ಉದಾರವಾಗಿ ಹತ್ತು ನಿಮಿಷ ದಯಪಾಲಿಸುತ್ತಾರೆ. ಅಪರಿಚಿತರ ನಡುವಿನ ಸಂಭಾಷಣೆಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನಾವುದಿದೆ? ಒಂದು ಜನ್ಮದ ನಿರ್ಧಾರ, ಹತ್ತು ನಿಮಿಷದ ಮಾತು, ಬಾಗಿಲ ಹಿಂದೆ ನಾಲ್ಕು ಜೊತೆ ಕಿವಿ!

ಸಾಮಾನ್ಯವಾಗಿ ನಡೆಯುವುದು ಹೀಗೆ. ‘ಏನು ಓದಿದ್ದೀರಿ?’ ‘ಬಿ.ಎಸ್ಸಿ.’ ‘ಹಾಡಲು ಬರುತ್ತದೆಯೆ?’ ‘ಸ್ವಲ್ಪ.’ ‘ಮದುವೆಯಾದ ಮೇಲೆ ಕೆಲಸಕ್ಕೆ ಹೋಗುತ್ತೀರಾ?’ ಮೂರು ಪ್ರಶ್ನೆಗಳಿಗೆ ಉತ್ತರ ಬಂತು. ಮಾತು ಮಾತ್ರ ನಡೆಯಲಿಲ್ಲ. ಅದರ ಬದಲು, ‘ಬಿ.ಎಸ್ಸಿ.ಯಲ್ಲಿ ಯಾವ ವಿಷಯ?’ ‘ಸಸ್ಯಶಾಸ್ತ್ರ.’ ‘ಅದನ್ನೇ ಏಕೆ ಆರಿಸಿಕೊಂಡಿರಿ?’ ಎಂದು ಕೇಳಿದ್ದರೆ ಅವಳು ಅಜ್ಜಿಯ ಮನೆಯ ಹಿತ್ತಲನ್ನು ನೆನೆಯಬಹುದಿತ್ತು, ಅಜ್ಜಿ ಕಷಾಯಕ್ಕೆ ಕೀಳುತ್ತಿದ್ದ ದೊಡ್ಡಪತ್ರೆಯ ಮಾತು ಬರಬಹುದಿತ್ತು, ‘ನಿಮ್ಮ ಕಡೆ ಅದಕ್ಕೆ ಏನನ್ನುತ್ತಾರೆ?’ ಎಂದು ಅವಳೂ ತಿರುಗಿ ಕೇಳಬಹುದಿತ್ತು. ಸಾಂಬಾರುಬಳ್ಳಿ ಎಂದು ಅವನು ಹೇಳುವಷ್ಟರಲ್ಲಿ ಹತ್ತು ನಿಮಿಷ ಮುಗಿದುಹೋಗಿರುತ್ತಿತ್ತು. ಇಬ್ಬರಿಗೂ ಅದು ಸಾಲದೆ ಹೋಗುತ್ತಿತ್ತು. ವರನ ಕಡೆಯವರಷ್ಟೇ ಕೇಳುವವರು, ವಧು ಹೇಳುವವಳು ಎಂಬ ಏರ್ಪಾಟು ಇತ್ತೀಚೆಗೆ ಸಡಿಲವಾಗುತ್ತಿರುವುದು ಎಲ್ಲರಿಗೂ ಹಿತ.

ಎದ್ದುಹೋದ ಮೂವತ್ತು ಮಂದಿ

ಈಗ ಬ್ರಾಂಕ್ಸಿನ ತೋಟಕ್ಕೆ ಹಿಂತಿರುಗಬಹುದು. ಒಡನೆಯೇ ಎದ್ದುಹೋದ ಆ ಮೂವತ್ತು ಮಂದಿ ಒಂದು ಮಾತನ್ನೂ ಆಡದೆ ಉತ್ತರ ಕೊಟ್ಟಿದ್ದರು. ಪುಸ್ತಕ ಓದಲು ಬಂದವರಿರಬಹುದು, ದುಃಖದಲ್ಲಿದ್ದವರಿರಬಹುದು, ಹಿಂದೊಮ್ಮೆ ಕೆಟ್ಟ ಅನುಭವವಾಗಿದ್ದವರಿರಬಹುದು. ಗಂಡಸಿಗೆ ಅಪರಿಚಿತಳೊಡನೆ ಮಾತೆಂದರೆ ಹೆಚ್ಚೆಂದರೆ ಮುಖಭಂಗದ ಭಯ. ಒಂಟಿಯಾಗಿ ಕುಳಿತ ಹೆಂಗಸಿನ ಭಯ ಬೇರೆ ಜಾತಿಯದು. ಮಾತಿನ ಉಪಾಯಗಳನ್ನು ಬೋಧಿಸುವ ಪುಸ್ತಕಗಳಲ್ಲಿ ಬಹುಪಾಲು ಈ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಸಾರ್ವಜನಿಕ ಸ್ಥಳಗಳಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಕುರಿತು ಅರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞರು 1963ರಲ್ಲಿ ಒಂದು ಗ್ರಂಥ ಬರೆದರು. ಅಪರಿಚಿತರು ಎದುರಾದಾಗ ಒಂದು ಕ್ಷಣ ನೋಡಿ, ಅವರಿದ್ದಾರೆಂಬುದನ್ನು ಗುರುತಿಸಿ, ಒಡನೆ ದೃಷ್ಟಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಒಂದು ಸೌಜನ್ಯ ಎಂದು ಅವರು ತೋರಿಸಿಕೊಟ್ಟರು. ಹಾಗೆ ನೋಡಿದರೆ ಮೆಟ್ರೊ ರೈಲಿನ ಮೌನವೆಲ್ಲವೂ ಒಂಟಿತನವಲ್ಲ. ಅದರಲ್ಲಿ ಒಂದಿಷ್ಟು ಮರ್ಯಾದೆಯೂ ಇದೆ.

ಮಾತು ಬೇಕೋ ಬೇಡವೋ ಎಂಬುದನ್ನು ಅರಿಯುವುದು ಹೇಗೆ? ಕೋಲಾಟವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರು ಕೋಲು ಚಾಚಿದರೆ ಎದುರಿನವರ ಕೋಲು ಬಂದು ತಾಗಬೇಕು. ಎರಡು ಪ್ರಶ್ನೆ ಕೇಳಿಯಾಯಿತು. ಎರಡಕ್ಕೂ ಒಂದೊಂದೇ ಪದದ ಉತ್ತರ ಬಂತು. ಆ ಕಡೆಯಿಂದ ಒಂದಾದರೂ ಪ್ರಶ್ನೆ ಹುಟ್ಟಲಿಲ್ಲ. ಕಣ್ಣು ಪುಸ್ತಕಕ್ಕೋ ಕಿಟಕಿಗೋ ಹಿಂತಿರುಗಿತು. ಅಲ್ಲಿಗೆ ಆಟ ನಿಂತಿತು. ‘ಇಲ್ಲ’ ಎಂಬ ಮಾತನ್ನು ಬಾಯಲ್ಲಿ ಆಡುವ ರೂಢಿ ನಮ್ಮಲ್ಲಿ ಕಡಮೆಯಾದುದರಿಂದ ಇದನ್ನು ಇನ್ನಷ್ಟು ಸೂಕ್ಷ್ಮವಾಗಿ ಕೇಳಿಸಿಕೊಳ್ಳಬೇಕಾಗುತ್ತದೆ. ಹೆಣ್ಣು ನೋಡಿ ಹೊರಟವರು ‘ಊರಿಗೆ ಹೋಗಿ ಕಾಗದ ಬರೆಯುತ್ತೇವೆ’ ಎಂದರೆ ಅದರ ಅರ್ಥವೇನೆಂದು ಹುಡುಗಿಯ ತಂದೆಗೆ ಯಾರೂ ವಿವರಿಸುತ್ತಿರಲಿಲ್ಲ. ಕಾಗದ ಹೋಗಿ ಫೋನು ಬಂದಿದೆ, ಅರ್ಥ ಬದಲಾಗಿಲ್ಲ.

ನಾಯಕಿ ಒಲ್ಲೆನೆಂದಷ್ಟೂ ನಾಯಕ ಹಾಡುತ್ತ ಬೆನ್ನು ಹತ್ತಬೇಕು, ಕೊನೆಗೆ ಅವಳು ಕರಗಲೇಬೇಕು ಎಂದು ನಮ್ಮ ಚಲಚ್ಚಿತ್ರಗಳು ಎಷ್ಟೋ ವರ್ಷ ಪಾಠ ಹೇಳಿವೆ. ಈ ಪಾಠವನ್ನು ನಿಜವೆಂದು ನಂಬಿದವರಿಂದ ಎಷ್ಟು ಹುಡುಗಿಯರು ಕಾಲೇಜಿನ ದಾರಿಯನ್ನೇ ಬದಲಿಸಬೇಕಾಯಿತೋ! ಕಾನೂನು ತಡವಾಗಿಯಾದರೂ ಎಚ್ಚತ್ತಿದೆ. ಹೆಂಗಸು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಹಿಂಬಾಲಿಸಿ ಪರಿಚಯ ಬೆಳೆಸಲು ಹವಣಿಸುವುದು 2013ರಿಂದ ಅಪರಾಧವಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೆಯ ವಿಧಿ ಇದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸವನ್ನು ಗೊತ್ತುಮಾಡಿದೆ. ಎರಡನೆಯ ಬಾರಿಗೆ ಐದು ವರ್ಷಗಳವರೆಗೆ. ಅಂತರ್ಜಾಲದಲ್ಲಿ ಬೆನ್ನು ಹತ್ತುವುದೂ ಇದರೊಳಗೇ ಬರುತ್ತದೆ.

ಎದ್ದು ಬರುವುದು

ಮಾತಿಗೆ ತೊಡಗುವುದನ್ನು ಕಲಿಸುವ ಪುಸ್ತಕಗಳು ನೂರಿವೆ. ಮಾತಿನಿಂದ ಎದ್ದು ಬರುವುದನ್ನು ಕಲಿಸುವವು ತೀರ ವಿರಳ. ಆಡಮ್ ಮಾಸ್ಟ್ರೊಯಾನಿ ಮತ್ತು ಅವರ ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಬ್ಬರಿಗೂ ಬೇಕೆನಿಸಿದ ಹೊತ್ತಿಗೇ ಮುಗಿದ ಸಂಭಾಷಣೆ ನೂರರಲ್ಲಿ ಸುಮಾರು ಎರಡು ಮಾತ್ರ. ಒಬ್ಬರಿಗೆ ಸಾಕೆನಿಸಿರುತ್ತದೆ; ಹೇಳಿದರೆ ಎದುರಿನವರು ನೊಂದಾರೆಂದು ಸುಮ್ಮನಿರುತ್ತಾರೆ. ಎದುರಿನವರ ಸ್ಥಿತಿಯೂ ಅದೇ. ಇನ್ನು ಕೆಲವೊಮ್ಮೆ ಇಬ್ಬರಿಗೂ ಇನ್ನಷ್ಟು ಮಾತನಾಡಬೇಕೆಂದಿರುತ್ತದೆ. ಬೇರೆಯವರಿಗೆ ಕೆಲಸವಿದ್ದೀತೆಂದು ಇಬ್ಬರೂ ಎದ್ದುಬಿಡುತ್ತಾರೆ.

ಕನ್ನಡದ ಮನೆಗಳು ಈ ಸಮಸ್ಯೆಯನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿವೆ. ಹೊರಡುವವರು ‘ಹೋಗುತ್ತೇನೆ’ ಎನ್ನುವಂತಿಲ್ಲ, ‘ಬರುತ್ತೇನೆ’ ಎನ್ನಬೇಕು. ಮನೆಯಾಕೆ ಅರಿಶಿನ ಕುಂಕುಮದ ತಟ್ಟೆ ತರುತ್ತಾಳೆ, ಎಲೆ ಅಡಿಕೆ ಕೈಗೆ ಬರುತ್ತದೆ, ಚಪ್ಪಲಿ ಹುಡುಕುವುದಾಗುತ್ತದೆ. ಎರಡು ಗಂಟೆ ಕೋಣೆಯಲ್ಲಿ ಎದುರುಬದುರಾಗಿ ಕುಳಿತು ಹವೆಯ ವಿಚಾರವನ್ನೂ ತರಕಾರಿಯ ಬೆಲೆಯನ್ನೂ ಆಡಿದವರು, ಹೊಸ್ತಿಲು ದಾಟಿ ಬೀದಿಬಾಗಿಲ ಬಳಿ ನಿಂತಾಗ, ‘ಅಂದಹಾಗೆ, ನಿಮ್ಮೊಡನೆ ಒಂದು ಮಾತು ಹೇಳಬೇಕೆಂದಿದ್ದೆ’ ಎಂದು ದನಿ ತಗ್ಗಿಸುತ್ತಾರೆ. ಆಟೋದವನು ಹಾರನ್ ಹೊಡೆಯುತ್ತಲೇ ಇರುತ್ತಾನೆ.